ಅಪ್ಪ ನಗಿಸಿದರೆ ನಕ್ಕುಬಿಡಿ

ಪ್ರಶ್ನೆ: ಅಪ್ಪನಿಗೆ 54 ವರ್ಷ. ಬೈತಖೋಲದಲ್ಲಿ ನಮ್ಮದೊಂದು ಬೋಟಿದೆ. ಅಪ್ಪನ ಮೆದುಳಿನಲ್ಲಿ ಗಡ್ಡೆ, ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಅಂದರು. ಆಪರೇಷನ್ ಆಗಿದೆ. ಮಣಿಪಾಲದಲ್ಲಿ ರೂಮು ಮಾಡಿಕೊಂಡು ರೇಡಿಯೇಷನ್ ಕೊಡಿಸುತ್ತಿದ್ದೇವೆ. ಮೊನ್ನೆ ಅಪ್ಪ, ‘ಇಷ್ಟು ವರ್ಷ ನಾನು ಬಲೆ ಬೀಸಿದೆ, ಈಗ ನನ್ನ ಮುಖಕ್ಕೇ ಬಲೆ ಹಾಕ್ತಾರೆ’ ಎಂದರು. ಅತ್ತೆ ಅಳುತ್ತಾ ಬೈದರು. ಮನೆಯಲ್ಲಿ ರೋಗದ ಮಾತೇ ಎತ್ತುವಂತಿಲ್ಲ. ಅಪ್ಪನಿಗೆ ರಾತ್ರಿ ನಿದ್ದೆಯಿಲ್ಲ, ಆಯಿಯ ಮೇಲೆ ರೇಗುತ್ತಾರೆ. ಧೈರ್ಯ ತಂದುಕೊಳ್ಳುವುದು ಹೇಗೆ?
– ಓದುಗಿ, ಕಾರವಾರ

ಉತ್ತರ: ತಂಗೀ, ನಿನ್ನಪ್ಪನ ಮಾತು ಓದಿ ನಾನಂತೂ ನಕ್ಕೆ. ಶಿರಸಿಯಲ್ಲಿರುವ ನನ್ನ ಅಣ್ಣನಿಗೂ ಇದೇ ಚಿಕಿತ್ಸೆ ಆಗಿತ್ತು. ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಮುಖಕ್ಕೆ ಒತ್ತಿ ಅಚ್ಚು ತೆಗೆಯುತ್ತಾರೆ. ತಲೆ ಅಲುಗಬಾರದು ಅಂತ ಅದನ್ನು ಮೇಜಿಗೆ ಬಿಗಿಯುತ್ತಾರೆ. ಹೊರಗೆ ಬಂದಾಗ ಹಣೆ, ಕೆನ್ನೆಯ ಮೇಲೆಲ್ಲಾ ಬಲೆಯದೇ ಗುರುತು! ಸಾಮಾನ್ಯವಾಗಿ ಹೀಗೆ ರೇಡಿಯೇಷನ್ 30 ಸಲ, ಶನಿವಾರ-ಭಾನುವಾರ ಬಿಟ್ಟು 6 ವಾರ. ಅದರ ಕೆಳಗೆ ಮಲಗಿಯೂ ತಮಾಷೆ ಮಾಡುವವರಿಗೆ ಧೈರ್ಯ ಹೇಳಲು ನಾವ್ಯಾರು? ಅತ್ತೆಯನ್ನು ಸ್ವಲ್ಪ ದಿನ ಊರಿಗೆ ಕಳಿಸಿದರೂ ತಪ್ಪಿಲ್ಲ.

ರೇಗುವುದರ ಬಗ್ಗೆ ಆಯಿಗೆ ಬಿಡಿಸಿ ಹೇಳು. ಮೆದುಳಿನ ಊತ ಇಳಿಯಲು ಡೆಕ್ಸಾಮೆಥಾಸೋನ್ ಕೊಡುತ್ತಿರಬಹುದು, ಚೀಟಿ ನೋಡು. ಅದು ನಿದ್ದೆ ಕೆಡಿಸುತ್ತದೆ, ಸಿಟ್ಟು ತರಿಸುತ್ತದೆ, ಹಸಿವೂ ಜಾಸ್ತಿ. ನಮ್ಮಣ್ಣ ರಾತ್ರಿ ಎರಡು ಗಂಟೆಗೆ ಎದ್ದು ದೋಸೆ ಕೇಳುತ್ತಿದ್ದ. ಗಡ್ಡೆ ಇರುವ ಜಾಗದಿಂದಲೂ ಸ್ವಭಾವ ಬದಲಾಗಬಹುದು. ಮಾತ್ರೆಯನ್ನು ಮಧ್ಯಾಹ್ನದೊಳಗೇ ಮುಗಿಸಬಹುದಾ ಅಂತ ಡಾಕ್ಟರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ, ಅದು ಅಪಾಯ. ನೆಂಟರು ತರುವ ನಾಟಿ ಔಷಧಿಯನ್ನೂ ಕೇಳದೆ ಕೊಡಬೇಡಿ.

ಪೂರ್ತಿ ವಾಸಿಯಾಗುತ್ತದೆ ಅಂತ ನಾನು ಸುಮ್ನೆ ಬರೆಯುವುದಿಲ್ಲ. ಇದು ಮರಳಿ ಬರುವ ಕಾಯಿಲೆ, ನಿನ್ನಪ್ಪನಿಗೂ ಗೊತ್ತಿರುತ್ತದೆ. ಗೊತ್ತಿದ್ದವರ ಎದುರು ‘ಏನೂ ಆಗಲ್ಲ’ ಅಂದರೆ ಅವರು ಒಂಟಿಯಾಗುತ್ತಾರೆ, ಅಲ್ವಾ? ಅದರ ಬದಲು ಬೋಟಿನ ಮಾತಾಡಿ. ಆಗಸ್ಟ್ 1ಕ್ಕೆ ಮೀನುಗಾರಿಕೆ ಶುರುವಾದಾಗ ತಾಂಡೇಲ (ಬೋಟು ನಡೆಸುವವನು) ಯಾರು, ಎಂಜಿನ್ ರಿಪೇರಿ ಯಾರಿಗೆ ಕೊಡೋಣ, ಅವರನ್ನೇ ಕೇಳಿ. ಅವರು ಹೇಳಿದಂತೆಯೇ ಮಾಡಿ.

ರೇಡಿಯೇಷನ್ ಮುಗಿದ ಮೇಲಿನ ಮೊದಲ ಎಂಆರ್‌ಐಯಲ್ಲಿ ಗಡ್ಡೆ ದೊಡ್ಡದಾದಂತೆ ಕಂಡರೆ ಕೂಡಲೇ ಕೈಚೆಲ್ಲಬೇಡಿ. ಚಿಕಿತ್ಸೆಯಿಂದಾದ ಊತವೂ ಹಾಗೆ ಕಾಣಬಹುದು. ಕೆಲವೊಮ್ಮೆ ಮುಂದಿನ ಸ್ಕ್ಯಾನ್‌ವರೆಗೆ ಕಾಯಬೇಕಾಗುತ್ತದೆ.

ಇನ್ನೊಂದು, ಉಡುಪಿಗೆ ರೈಲಿನಲ್ಲಿ ಓಡಾಡುವುದಾದರೆ ಆಸ್ಪತ್ರೆಯಿಂದ ರಿಯಾಯಿತಿ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಸ್ಲೀಪರ್‌ನಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ ಸಿಗುತ್ತದೆ.