ಹಳೆ ಆ್ಯಂಟಿವೈರಸ್ ತೆಗೆದು ಹೊಸದು ಹಾಕುವಾಗ ಮಧ್ಯದಲ್ಲಿ ವೈರಸ್ ನುಗ್ಗುತ್ತದಾ?

ನಿಮ್ಮ ಪ್ರಶ್ನೆ ಇಷ್ಟು: ಹಳೆ ಆ್ಯಂಟಿವೈರಸ್‌ನ ಅವಧಿ ಮುಂದಿನ ವಾರ ಮುಗಿಯುತ್ತದೆ. ಬೇರೆ ಕಂಪನಿಯದ್ದು ಕೊಂಡಾಗಿದೆ. ಹಳೆಯದನ್ನು ಮೊದಲು ತೆಗೆದರೆ ಮಧ್ಯದಲ್ಲಿ ವೈರಸ್ ನುಗ್ಗಬಹುದಾ? ಅದಕ್ಕಿಂತ ಹೊಸದನ್ನು ಹಾಕಿಕೊಂಡು ಆಮೇಲೆ ಹಳೆಯದನ್ನು ತೆಗೆಯುವುದು ಒಳ್ಳೆಯದಲ್ವಾ? ನಿಮ್ಮದು ವಿಂಡೋಸ್ 11 ಅಂತಲೂ ಹೇಳಿದ್ದೀರಿ.

ಹಳೆಯದನ್ನೇ ಮೊದಲು ತೆಗೆಯಿರಿ. ಮಧ್ಯದ ಆ ಹತ್ತು ನಿಮಿಷಕ್ಕೆ ನೀವು ಹೆದರುತ್ತಿದ್ದೀರಿ. ನನ್ನ ಅನುಭವದಲ್ಲಿ ತೊಂದರೆ ಆಗುವುದು ಅಲ್ಲಲ್ಲ. ತೆಗೆಯುವ ಮುಂಚೆ ಮಾಡುವ ಆತುರದಲ್ಲಿ, ತೆಗೆದ ಮೇಲೆ ಉಳಿಯುವ ಚೂರುಪಾರಿನಲ್ಲಿ.

ಆ ಹತ್ತು ನಿಮಿಷವೂ ನಿಮ್ಮ ಕಂಪ್ಯೂಟರ್‌ಗೆ ಕಾವಲು ಇರುತ್ತದೆ. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಪೂರ್ತಿ ಆ್ಯಂಟಿವೈರಸ್ ಆಗಿಯೇ ವಿಂಡೋಸ್ ಜೊತೆ ಬರುತ್ತದೆ. ಬೇರೆ ಆ್ಯಂಟಿವೈರಸ್ ಹಾಕಿದಾಗ ಅದು ತಾನಾಗೇ ಪಕ್ಕಕ್ಕೆ ಸರಿಯುತ್ತದೆ. ಅದನ್ನು ತೆಗೆದಾಗ ತಾನಾಗೇ ಎದ್ದು ಕೂರುತ್ತದೆ. ಹಳೆಯದನ್ನು ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಅನ್ನುವ ಆ್ಯಪ್ ತೆರೆದು ನೋಡಿ, ಡಿಫೆಂಡರ್ ಆನ್ ಆಗಿರುವುದು ಕಾಣುತ್ತದೆ. ಕಂಡರೆ ಸಾಕು, ನಿಧಾನಕ್ಕೆ ಕಾಫಿ ಕುಡಿದು ಬಂದು ಹೊಸದನ್ನು ಹಾಕಬಹುದು.

ಹಾಗಾದರೆ ಎರಡೂ ಒಟ್ಟಿಗೆ ಯಾಕೆ ಬೇಡ? ಆ್ಯಂಟಿವೈರಸ್ ಬೇರೆ ಪ್ರೋಗ್ರಾಂಗಳ ಹಾಗೆ ಮೇಲೆ ಕೂತು ಕೆಲಸ ಮಾಡುವುದಿಲ್ಲ. ಅದರ ಡ್ರೈವರ್ ಅನ್ನುವ ಭಾಗ ವಿಂಡೋಸ್‌ನ ಕರ್ನಲ್, ಅಂದರೆ ತೀರಾ ಒಳಗಿನ ತಿರುಳಿನಲ್ಲೇ ಇರುತ್ತದೆ. ನೀವು ಒಂದು ಫೈಲ್ ತೆರೆದರೆ, ಅದು ಮೊದಲು ನೋಡಿ, ಸರಿ ಅಂದ ಮೇಲೆ ನಿಮಗೆ ಸಿಗುತ್ತದೆ. ಇಬ್ಬರು ಕಾವಲುಗಾರರು ಒಂದೇ ಬಾಗಿಲಲ್ಲಿ ನಿಂತರೆ ಒಬ್ಬ ತೆರೆದ ಫೈಲನ್ನು ಇನ್ನೊಬ್ಬ ತಡೆಯುತ್ತಾನೆ, ಇವನು ಹಿಡಿದಿಟ್ಟ ವೈರಸ್ಸನ್ನು ನೋಡಿ ಅವನು ಕೂಗಿಕೊಳ್ಳುತ್ತಾನೆ. ಕಂಪ್ಯೂಟರ್ ಆಮೆ ಆಗುವುದು ಸಾಮಾನ್ಯ. ನಸೀಬು ಕೆಟ್ಟರೆ ನೀಲಿ ಪರದೆ ಬಂದು ವಿಂಡೋಸ್ ನಿಂತೇ ಹೋಗುತ್ತದೆ. ಕರ್ನಲ್ ಮಟ್ಟದಲ್ಲಿ ತಪ್ಪಾದರೆ ಏನಾಗುತ್ತದೆ ಅಂತ 2024ರ ಜುಲೈ 19ರಂದು ಎಲ್ಲರೂ ನೋಡಿದರು. ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿಯ ಒಂದೇ ಒಂದು ಕೆಟ್ಟ ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸಿಕ್ಕಿಬಿದ್ದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತ್ತು. ಅಲ್ಲಿ ಎರಡು ಆ್ಯಂಟಿವೈರಸ್‌ಗಳ ಜಗಳ ಇರಲಿಲ್ಲ, ನಿಜ. ಆದರೆ ಈ ಡ್ರೈವರ್‌ಗಳು ಎಷ್ಟು ಆಳದಲ್ಲಿ ಕೂತಿರುತ್ತವೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ತೆಗೆಯುವ ಮುಂಚಿನ ಕೆಲಸ. ಇಲ್ಲೇ ನಾನು ಒಮ್ಮೆ ಪೆಟ್ಟು ತಿಂದಿದ್ದು.

ನನ್ನ ಹಳೆ ಆ್ಯಂಟಿವೈರಸ್‌ನಲ್ಲಿ ಪಾಸ್‌ವರ್ಡ್ ಹಾಕಿ ಬೀಗ ಹಾಕುವ ಫೋಲ್ಡರ್ ಒಂದಿತ್ತು. ಯಾವತ್ತೋ ಸರ್ಟಿಫಿಕೇಟ್‌ಗಳ ಸ್ಕ್ಯಾನ್ ಕಾಪಿಗಳನ್ನು ಅದರಲ್ಲಿ ಇಟ್ಟು ಮರೆತಿದ್ದೆ. ಅನ್‌ಇನ್‌ಸ್ಟಾಲ್ ಮಾಡಿ, ಹೊಸದು ಹಾಕಿ, ಎರಡು ತಿಂಗಳಾದ ಮೇಲೆ ಆ ಕಾಪಿ ಬೇಕಾಯಿತು. ಫೈಲ್ ಡಿಸ್ಕ್‌ನಲ್ಲೇ ಇದೆ, ಆದರೆ ತೆರೆಯುವ ಕೀಲಿ ಆ ಪ್ರೋಗ್ರಾಂ ಹತ್ತಿರ! ಹೊಸದನ್ನು ತೆಗೆದು, ಹಳೆಯದನ್ನು ಮತ್ತೆ ಹಾಕಿ, ಫೈಲ್ ಹೊರಗೆ ತಂದು, ಮತ್ತೆ ಎಲ್ಲ ಮೊದಲಿಂದ. ಪುಣ್ಯಕ್ಕೆ ಪಾಸ್‌ವರ್ಡ್ ನೆನಪಿತ್ತು. ಒಂದು ಸಂಜೆ ಪೂರ್ತಿ ಹೋಯಿತು.

ಹಾಗಾಗಿ ನಿಮ್ಮ ಹಳೆ ಪ್ರೋಗ್ರಾಂನ ಒಂದೊಂದು ಮೆನುವನ್ನೂ ತೆರೆದು ನೋಡಿ. ಬೀಗದ ಫೋಲ್ಡರ್ ಇದ್ದರೆ ಖಾಲಿ ಮಾಡಿ. ಪಾಸ್‌ವರ್ಡ್ ಮ್ಯಾನೇಜರ್ ಬಳಸುತ್ತಿದ್ದರೆ ಎಕ್ಸ್‌ಪೋರ್ಟ್ ಮಾಡಿ. ಆ ಫೈಲ್‌ನಲ್ಲಿ ಪಾಸ್‌ವರ್ಡ್‌ಗಳು ಸಾಮಾನ್ಯವಾಗಿ ಬರೀ ಅಕ್ಷರಗಳಲ್ಲೇ ಇರುತ್ತವೆ, ಯಾರು ಬೇಕಾದರೂ ಓದಬಹುದು. ಹೊಸ ಕಡೆ ಇಂಪೋರ್ಟ್ ಮಾಡಿದ ತಕ್ಷಣ ಅಳಿಸಿ, ರೀಸೈಕಲ್ ಬಿನ್‌ನಿಂದಲೂ ತೆಗೆಯಿರಿ. ಕ್ವಾರಂಟೈನ್ ಪಟ್ಟಿಯನ್ನೂ, ಅಂದರೆ ಆ್ಯಂಟಿವೈರಸ್ ಅನುಮಾನದಿಂದ ಹಿಡಿದಿಟ್ಟ ಫೈಲ್‌ಗಳ ಪಟ್ಟಿಯನ್ನೂ ಒಮ್ಮೆ ನೋಡಿ. ನಿಮಗೆ ಬೇಕಾದ ಒಳ್ಳೆ ಫೈಲ್ ಏನಾದರೂ ತಪ್ಪಿ ಅಲ್ಲಿ ಸಿಕ್ಕಿಕೊಂಡಿದ್ದರೆ ಈಗಲೇ ಬಿಡಿಸಿಕೊಳ್ಳಿ. ಖಾತ್ರಿ ಇಲ್ಲದ್ದನ್ನು ಮಾತ್ರ ಮುಟ್ಟಬೇಡಿ.

ಆಮೇಲೆ ಆಟೋ ರಿನ್ಯೂವಲ್. ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿದರೆ ಚಂದಾ ರದ್ದಾಗುವುದಿಲ್ಲ, ಕಾರ್ಡ್‌ನಿಂದ ಹಣ ಸುಮ್ನೆ ಕಟ್ ಆಗುತ್ತಾ ಹೋಗುತ್ತದೆ. ಹಳೆ ಕಂಪನಿಯ ಖಾತೆಗೆ ಲಾಗಿನ್ ಆಗಿ ರಿನ್ಯೂವಲ್ ನಿಲ್ಲಿಸಿ. ನಿಮಗೆ ಒಂದೇ ವಾರ ಇದೆ, ಇದನ್ನು ಇವತ್ತೇ ಮಾಡಿಬಿಡಿ. ಕೆಲವರು ಕೊನೆ ದಿನಕ್ಕೂ ಮುಂಚೆಯೇ ಹಣ ತೆಗೆದುಕೊಳ್ಳುತ್ತಾರೆ.

ಹೊಸದರ ಇನ್‌ಸ್ಟಾಲರ್ ಕೂಡ ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಹೆಸರು ಹಾಕಿ ಸರ್ಚ್ ಮಾಡಿ ಮೇಲೆ ಬಂದ ಜಾಹೀರಾತನ್ನು ಒತ್ತಬೇಡಿ. ಆ್ಯಂಟಿವೈರಸ್ ಹೆಸರಿನಲ್ಲೇ ವೈರಸ್ ಹಂಚುವವರು ಇದ್ದಾರೆ. ಕಂಪನಿಯ ಸ್ವಂತ ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ.

ತೆಗೆಯುವ ಕೆಲಸ ಸುಲಭ. ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್, ಅಲ್ಲಿ ಅನ್‌ಇನ್‌ಸ್ಟಾಲ್. ಪ್ರೋಗ್ರಾಂ ಫೋಲ್ಡರ್ ಹುಡುಕಿ ಕೈಯಾರೆ ಡಿಲೀಟ್ ಮಾಡುವ ಸಾಹಸ ಬೇಡ. ಅದೇ ಕಂಪನಿಯ ವಿಪಿಎನ್, ಬ್ರೌಸರ್, ಕ್ಲೀನರ್ ಅಂತ ಬೇರೆ ಬೇರೆ ಹೆಸರಲ್ಲಿ ಕೂತಿರುತ್ತವೆ, ಅವನ್ನೂ ತೆಗೆಯಿರಿ. ಬ್ರೌಸರ್‌ನ ಎಕ್ಸ್‌ಟೆನ್ಷನ್ ಪಟ್ಟಿ ಕೂಡ ನೋಡಿ. ಆಮೇಲೆ ರೀಸ್ಟಾರ್ಟ್. ಶಟ್ ಡೌನ್ ಮಾಡಿ ಆನ್ ಮಾಡಿದರೆ ಆಯ್ತಲ್ಲ ಅನ್ನಬೇಡಿ. ಬೇಗ ಆನ್ ಆಗಲಿ ಅಂತ ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್‌ನಲ್ಲಿ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ, ರೀಸ್ಟಾರ್ಟ್‌ನಲ್ಲಿ ಮುಚ್ಚುತ್ತದೆ. ಹಳೆ ಡ್ರೈವರ್ ಹೋಗಬೇಕಾದ್ದು ಅಲ್ಲಿಂದಲೇ.

ಇಷ್ಟಾದರೂ ಹೊಸ ಇನ್‌ಸ್ಟಾಲರ್ 'ಇನ್ನೊಂದು ಆ್ಯಂಟಿವೈರಸ್ ಇದೆ' ಅಂತ ಹಟ ಹಿಡಿಯಬಹುದು. ಅಂದರೆ ಚೂರುಪಾರು ಉಳಿದಿದೆ. ಇದಕ್ಕೆ ಅಂತಲೇ ದೊಡ್ಡ ಕಂಪನಿಗಳು ತಮ್ಮದೇ ಟೂಲ್ ಕೊಡುತ್ತವೆ. ಅವಾಸ್ಟ್, ಮ್ಯಾಕಫಿ, ನಾರ್ಟನ್, ಇಸೆಟ್, ಕ್ಯಾಸ್ಪರ್‌ಸ್ಕಿ, ಎಲ್ಲರ ಹತ್ತಿರವೂ ಇದೆ. ಹಳೆ ಕಂಪನಿಯ ಸೈಟ್‌ನಿಂದಲೇ ಅದನ್ನು ತಗೊಳ್ಳಿ. ಬೇರೆ ಯಾರದೋ 'ಎಲ್ಲ ಆ್ಯಂಟಿವೈರಸ್ ಒಂದೇ ಏಟಿಗೆ ತೆಗೆಯುವ' ಟೂಲ್ ಬೇಡ. ಕೆಲವು ಟೂಲ್‌ಗಳು ಸೇಫ್ ಮೋಡ್‌ಗೆ, ಅಂದರೆ ತೀರಾ ಅಗತ್ಯದ್ದಷ್ಟೇ ಓಡುವ ವಿಂಡೋಸ್‌ಗೆ, ಹೋಗು ಅನ್ನುತ್ತವೆ. ಹೋಗುವ ಮುಂಚೆ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಎಲ್ಲಿದೆ ಅಂತ ನೋಡಿಕೊಳ್ಳಿ. ಕೆಲವು ಕಂಪ್ಯೂಟರ್‌ಗಳು ಆಗ ಆ 48 ಅಂಕಿಯ ಕೀ ಕೇಳುತ್ತವೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಫೋನ್‌ನಲ್ಲಿ ತೆರೆದು ಒಂದು ಕಾಗದದ ಮೇಲೆ ಬರೆದುಕೊಂಡು ಹೋಗುವುದು ಜಾಣತನ.

ಹೊಸದನ್ನು ಹಾಕಿದ ಮೇಲೆ ಅಪ್‌ಡೇಟ್ ಮಾಡಿ, ಒಂದು ಫುಲ್ ಸ್ಕ್ಯಾನ್ ಓಡಿಸಿ. ರಾತ್ರಿ ಬಿಟ್ಟು ಮಲಗಿದರಾಯಿತು. ವಿಂಡೋಸ್ ಸೆಕ್ಯುರಿಟಿಯಲ್ಲಿ ಈಗ ಹೊಸದರ ಹೆಸರು ಮಾತ್ರ ಕಾಣಬೇಕು.

ನಿಜಕ್ಕೂ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷಿಸಬೇಕು ಅನ್ನಿಸಿದರೆ ಐಕಾರ್ ಟೆಸ್ಟ್ ಫೈಲ್ ಇದೆ. ಬರೀ 68 ಅಕ್ಷರಗಳ ಫೈಲ್, ವೈರಸ್ ಅಲ್ಲವೇ ಅಲ್ಲ. ಇದನ್ನು ಕಂಡರೆ ವೈರಸ್ ಅಂತ ಕೂಗಬೇಕು ಅಂತ ಆ್ಯಂಟಿವೈರಸ್ ಕಂಪನಿಗಳೇ ಒಪ್ಪಿಕೊಂಡಿವೆ. ಐಕಾರ್‌ನ ಸೈಟ್‌ನಿಂದ ಡೌನ್‌ಲೋಡ್ ಮಾಡಲು ಹೋದರೆ ನಿಮ್ಮದು ತಡೆಯಬೇಕು. ನಾನು ಪ್ರತಿ ಸಲವೂ ಮಾಡುತ್ತೇನೆ, ಸ್ವಲ್ಪ ಮಜಾನೂ ಇರುತ್ತದೆ.

ಇನ್ನೊಂದು. ಮುಂದೆ ಯಾವತ್ತಾದರೂ 'ನಿಮ್ಮ ಆ್ಯಂಟಿವೈರಸ್ ರಿನ್ಯೂ ಆಗಿದೆ, ಇಷ್ಟು ಹಣ ಕಟ್ ಆಗಿದೆ, ಬೇಡವಾದರೆ ಈ ನಂಬರ್‌ಗೆ ಕರೆ ಮಾಡಿ' ಅಂತ ಮೇಲ್ ಬರಬಹುದು. ಈಗಷ್ಟೇ ಬದಲಾಯಿಸಿದವರು ಇದನ್ನು ಬೇಗ ನಂಬುತ್ತಾರೆ. ಆ ನಂಬರ್‌ಗೆ ಫೋನ್ ಮಾಡಬೇಡಿ. ಖಾತೆಗೆ ಲಾಗಿನ್ ಆಗಿ ನೋಡಿ, ನೀವು ಇವತ್ತು ನಿಲ್ಲಿಸಿದ ರಿನ್ಯೂವಲ್ ಅಲ್ಲಿ ನಿಂತೇ ಇದೆಯಾ ಅಂತ.