‘ಬಾಡಿಗೆ ನಾಲಿಗೆ’ ಲೇಖನದ ಬಗ್ಗೆ: ಸಿಟ್ಟು ಸಾಕು, ಲೆಕ್ಕ ಬೇಕು

ಪ್ರಿಯ ಲೇಖಕರೇ,

ರಾಜಕೀಯ ಪಕ್ಷಗಳು ದುಡ್ಡು ಕೊಟ್ಟು ಅತಿಥಿ ಭಾಷಣಕಾರರನ್ನು ತಮ್ಮ ಸಭೆಗಳಿಗೆ ಕರೆತರುವ ಬಗ್ಗೆ ನೀವು ಕಳಿಸಿದ ‘ಬಾಡಿಗೆ ನಾಲಿಗೆ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಕೊಡಗಿನಿಂದ ಈ ವಿಷಯವನ್ನು ಯಾರಾದರೂ ಬರೆಯಲೇಬೇಕು, ಅದನ್ನು ನೀವೇ ಬರೆಯಬೇಕು ಎಂಬ ಆಸೆ ನಮಗಿದೆ. ಅದಕ್ಕೇ ಒಂದು ಸಾಲಿನ ವಿಷಾದದ ಬದಲು ಈ ಉದ್ದದ ಪತ್ರ.

ಮೊದಲ ಎರಡು ಪುಟ ತೆಗೆದುಹಾಕಿ. ತಲಕಾವೇರಿ, ಬ್ರಹ್ಮಗಿರಿ, ಕಾರ್ಯಪ್ಪ, ತಿಮ್ಮಯ್ಯ, ಕಾಫಿ ಹೂವಿನ ಘಮ ಎಲ್ಲವನ್ನೂ ದಾಟಿದ ಮೇಲೆ ನಮಗೆ ಸಭೆಯ ಮೈದಾನ ಸಿಗುತ್ತದೆ. ಕೊಡಗಿನವರಿಗೆ ಕೊಡಗನ್ನು ಪರಿಚಯ ಮಾಡಿಸಬೇಕಿಲ್ಲ. ಸಾಲದ್ದಕ್ಕೆ 2023ರ ಮೇ ತಿಂಗಳ ಸಭೆಯನ್ನು ‘ಕಕ್ಕಡದ ಜಡಿಮಳೆ’ಯಲ್ಲಿ ನಡೆಸಿದ್ದೀರಿ. ಕೊಡವ ಪಂಚಾಂಗದ ಕಕ್ಕಡ ತಿಂಗಳು ಬರುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಮೇ ಮೊದಲ ವಾರ ಎಂದರೆ ಇನ್ನೂ ಎಡಮ್ಯಾರ್ ತಿಂಗಳು. ಆಗ ಬೀಳುವುದು ಮಧ್ಯಾಹ್ನದ ಗುಡುಗು ಮಳೆ. ಪೊನ್ನಂಪೇಟೆಯ ಓದುಗರು ಈ ತಪ್ಪನ್ನು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ತಿಂಗಳನ್ನೇ ತಪ್ಪಿದವರು ಐದನೇ ಪುಟದಲ್ಲಿ ಕೊಡುವ ರೂಪಾಯಿಯ ಅಂಕಿಯನ್ನು ಅವರು ನಂಬುವುದಿಲ್ಲ.

ಇಡೀ ಲೇಖನದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಐದನೇ ಪುಟದ ನಾಲ್ಕು ಸಾಲು. ಕುಶಾಲನಗರದ ಸಭೆಗೆ ದೊಡ್ಡ ನಾಯಕರು ಬರುವುದು ತಡವಾಗಿದೆ. ಒಬ್ಬ ಭಾಷಣಕಾರ ಒಂದೂವರೆ ಗಂಟೆ ಮೈಕ್ ಬಿಡದೆ ನಗಿಸುತ್ತಾ, ಪದ್ಯ ಹೇಳುತ್ತಾ, ಘೋಷಣೆ ಕೂಗಿಸುತ್ತಾ ಜನರನ್ನು ಕೂರಿಸಿಕೊಂಡಿದ್ದಾನೆ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ಇಂಥ ಒಬ್ಬ ಮನುಷ್ಯ ಇಲ್ಲಿ ಏಕೆ ಬೇಕಾಗುತ್ತಾನೆ ಎಂಬುದನ್ನು ನೀವು ಹೇಳಿಲ್ಲ, ಅದು ಹೇಳಬೇಕಾದ ಮಾತು. ನಮ್ಮ ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ನಾಯಕರು ಬಂದರೆ ಹೆಲಿಕಾಪ್ಟರಿನಲ್ಲಿ, ಇಲ್ಲವೇ ಮೈಸೂರು ರಸ್ತೆ ಹಿಡಿದು. ಮೋಡ ಕವಿದರೆ ಹೆಲಿಕಾಪ್ಟರ್ ಇಳಿಯುವುದಿಲ್ಲ, ರಸ್ತೆ ಹಿಡಿದರೆ ಹೊತ್ತು ಮೀರುತ್ತದೆ. ಇತ್ತ ಸಿದ್ದಾಪುರ, ಅಮ್ಮತ್ತಿ ಕಡೆಯಿಂದ ಬಂದವರಿಗೆ ಕತ್ತಲಾಗುವ ಮೊದಲು ಮನೆ ಸೇರಬೇಕು, ತೋಟದ ದಾರಿಯಲ್ಲಿ ಆನೆ ನಿಂತಿರುತ್ತದೆ. ನಾಲ್ಕು ಗಂಟೆ ದಾಟಿದರೆ ಹಿಂದಿನ ಸಾಲಿನ ಕುರ್ಚಿಗಳು ಖಾಲಿಯಾಗತೊಡಗುತ್ತವೆ. ಆ ಒಂದೂವರೆ ಗಂಟೆಗೆ ಬೆಲೆ ಬರುವುದು ಹೀಗೆ.

ಆ ಭಾಷಣಕಾರನ ಬಳಿಗೆ ಮತ್ತೆ ಹೋಗಿ. ಕರೆದವರು ಯಾರು, ಪಕ್ಷದ ಜಿಲ್ಲಾ ಕಚೇರಿಯೋ, ಅಭ್ಯರ್ಥಿಯ ಆಪ್ತರೋ, ನಡುವಿನ ಮ್ಯಾನೇಜರೋ? ಲೆಕ್ಕ ಸಭೆಗಿಷ್ಟು ಎಂದೋ, ದಿನಕ್ಕಿಷ್ಟು ಎಂದೋ? ದಿನಕ್ಕೆ ಎಷ್ಟು ಸಭೆ? ಮುಂಗಡ ಎಷ್ಟು, ಬಾಕಿ ಯಾವಾಗ, ಯಾರ ಕೈಯಿಂದ? ಕಾರು, ಡೀಸೆಲ್, ರೂಮು, ಊಟ ಯಾರ ಲೆಕ್ಕ? ಹೇಳಬೇಕಾದ್ದನ್ನು ಬರೆದು ಕೊಟ್ಟಿದ್ದರೋ? ಭಾಗಮಂಡಲದಲ್ಲಿ ಅರೆಭಾಷೆಯಲ್ಲೋ ಕನ್ನಡದಲ್ಲೋ ಮಾತಾಡಿದ್ದು, ವಿರಾಜಪೇಟೆಯಲ್ಲಿ ಕೊಡವ ತಕ್ಕ್ ಬರುವ ಇನ್ನೊಬ್ಬರನ್ನು ಕರೆಸಿದ್ದರೋ? ಇಷ್ಟಕ್ಕೆ ಉತ್ತರ ಸಿಕ್ಕರೆ ನಿಮ್ಮ ‘ನಾಚಿಕೆಗೆಟ್ಟ’, ‘ಮಾನ ಮಾರಿಕೊಂಡ’ ಯಾವ ವಿಶೇಷಣವೂ ಬೇಕಾಗುವುದಿಲ್ಲ.

ಈಗ ತಪ್ಪುಗಳಿಗೆ ಬರೋಣ. ಮೂರು ಬೇರೆ ಬೇರೆ ಸಂಗತಿಗಳನ್ನು ನೀವು ಒಂದೇ ಚೀಲಕ್ಕೆ ತುಂಬಿದ್ದೀರಿ: ಪಕ್ಷದ ಪಟ್ಟಿಯಲ್ಲಿರುವ ತಾರಾ ಪ್ರಚಾರಕರು, ಪಟ್ಟಿಯಲ್ಲಿಲ್ಲದೆ ಸಂಭಾವನೆಗೆ ಬರುವ ಅತಿಥಿಗಳು, ಮತ್ತು ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಜೀಪಿನಲ್ಲಿ ಕರೆತಂದರು ಎಂದು ನೀವು ಬರೆದಿರುವ ಸಭಿಕರು. ಭಾಷಣಕಾರರಿಗೆ ಹಣ ಕೊಡುವುದೇ ಅಪರಾಧ ಎಂದು ಬರೆದಿದ್ದೀರಿ. ಅಲ್ಲ. ಕೊಟ್ಟದ್ದನ್ನು ಲೆಕ್ಕಕ್ಕೆ ತರದಿರುವುದು ತಪ್ಪು. ಮತದಾರರಿಗೆ ಮತಕ್ಕಾಗಿ ಹಣ ಕೊಡುವುದು ಲಂಚ, ಅದಕ್ಕೆ ಬೇರೆಯೇ ಕಲಮು. ಜೀಪಿನ ವಿಷಯವನ್ನು ಈ ಲೇಖನದಿಂದ ಬಿಡಿ, ಅದು ಇನ್ನೊಂದು ಲೇಖನ.

‘ತಾರಾ ಪ್ರಚಾರಕರ ಖರ್ಚು ಯಾರ ಲೆಕ್ಕಕ್ಕೂ ಬರುವುದಿಲ್ಲ’ ಎಂಬ ನಿಮ್ಮ ವಾಕ್ಯ ಎಲ್ಲಕ್ಕಿಂತ ದೊಡ್ಡ ತಪ್ಪು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಮು ವಿನಾಯಿತಿ ಕೊಡುವುದು ಅವರ ಪ್ರಯಾಣದ ಖರ್ಚಿಗೆ ಮಾತ್ರ. ಅದೂ ಅಧಿಸೂಚನೆ ಹೊರಟ 7 ದಿನಗಳೊಳಗೆ ಪಕ್ಷ ಹೆಸರು ಕೊಟ್ಟವರಿಗೆ ಮಾತ್ರ: ಮಾನ್ಯತೆ ಪಡೆದ ಪಕ್ಷಕ್ಕೆ ಹೆಚ್ಚೆಂದರೆ 40 ಹೆಸರು, ಮಾನ್ಯತೆ ಇಲ್ಲದ ನೋಂದಾಯಿತ ಪಕ್ಷಕ್ಕೆ 20. ಇದರ ಹಿಂದಿನ ಕಥೆಯನ್ನು ಮೂರು ಸಾಲಲ್ಲಿ ಸೇರಿಸಿ. 1974ರಲ್ಲಿ ಕನ್ವರ್ ಲಾಲ್ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯ ಖರ್ಚಿನ ಮಿತಿಯೊಳಗೆ ಬರಬೇಕು ಎಂದಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಆ ತೀರ್ಪಿನ ಹಲ್ಲು ಕಿತ್ತರು. 2003ರ ತಿದ್ದುಪಡಿಯಲ್ಲಿ ಪಟ್ಟಿಯಲ್ಲಿರುವ ನಾಯಕರ ಪ್ರಯಾಣಕ್ಕೆ ಈಗಿನ ವಿನಾಯಿತಿ ಬಂತು. ಸಂಭಾವನೆ ಪ್ರಯಾಣವಲ್ಲ. ಹಾಗಾದರೆ ಅದು ಬರೆದಿರುವುದು ಅಭ್ಯರ್ಥಿಯ ಖರ್ಚಿನ ವಹಿಯಲ್ಲೋ, ಪಕ್ಷದ ಲೆಕ್ಕದಲ್ಲೋ, ಎಲ್ಲೂ ಇಲ್ಲವೋ? ನಿಮ್ಮ ಲೇಖನದ ಬೆನ್ನೆಲುಬು ಈ ಪ್ರಶ್ನೆ.

ಲೆಕ್ಕ ಹಂಚುವ ಬಗೆಯನ್ನೂ ಓದುಗರಿಗೆ ತೋರಿಸಿ. ತಾರಾ ಪ್ರಚಾರಕರೊಂದಿಗೆ ಅಭ್ಯರ್ಥಿ ವೇದಿಕೆ ಹಂಚಿಕೊಂಡರೆ, ಭಾಷಣದಲ್ಲಿ ಅಭ್ಯರ್ಥಿಯ ಹೆಸರು ಬಂದರೆ, ಅಭ್ಯರ್ಥಿಯ ಚಿತ್ರ ಅಲ್ಲಿ ಕಂಡರೆ, ವೇದಿಕೆ, ಶಾಮಿಯಾನ, ಧ್ವನಿವರ್ಧಕದ ಖರ್ಚು ಅಭ್ಯರ್ಥಿಯ ಹೆಸರಿಗೆ ಬೀಳುತ್ತದೆ. ಒಬ್ಬರಿಗಿಂತ ಹೆಚ್ಚು ಅಭ್ಯರ್ಥಿಗಳಿದ್ದರೆ ಸಮಪಾಲು. ಕೊಡಗಿನಲ್ಲಿರುವುದು ಎರಡೇ ವಿಧಾನಸಭಾ ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ. ಒಂದೇ ಸಭೆಯಲ್ಲಿ ಇಬ್ಬರೂ ನಿಂತರೆ, ಉದಾಹರಣೆಗೆ 3 ಲಕ್ಷದ ವೇದಿಕೆ ತಲಾ ಒಂದೂವರೆ ಲಕ್ಷವಾಗುತ್ತದೆ. ಅಭ್ಯರ್ಥಿ ಆ ನಾಯಕರ ಹೆಲಿಕಾಪ್ಟರಿನಲ್ಲೇ ಕೂತು ಬಂದರೆ ಪ್ರಯಾಣದ ಅರ್ಧ ಖರ್ಚೂ ಅವರ ಪಾಲಿಗೆ. ಪಟ್ಟಿಯಲ್ಲಿಲ್ಲದ ನಟ ನಟಿಯರು ಅಭ್ಯರ್ಥಿಯ ಪರ ಬಂದರೆ ಈ ರಿಯಾಯಿತಿ ಯಾವುದೂ ಇಲ್ಲ, ಪ್ರಯಾಣವೂ ಅಭ್ಯರ್ಥಿಯದೇ. ನೀವು ಕೊಟ್ಟಿರುವ 28 ಲಕ್ಷದ ಮಿತಿ ಹಳೆಯದು. 2022ರ ಜನವರಿಯಿಂದ ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅದಕ್ಕೇ ಸಂಭಾವನೆಯನ್ನು ಪಕ್ಷದ ಕಡೆಗೆ ತಳ್ಳುವ ಆಸೆ ಹುಟ್ಟುತ್ತದೆ. ‘ಅಭಿಮಾನಿಗಳೇ ಕೊಟ್ಟರು’ ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಬೇಡಿ: ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಪರ ಸಭೆಗೆ ಬೇರೆಯವರು ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಮಿನಡಿ ಅಪರಾಧ. 2023ರಲ್ಲಿ ಜಾರಿಯಲ್ಲಿದ್ದದ್ದು ದಂಡ ಸಂಹಿತೆಯ 171ಎಚ್. ಆ ವರ್ಷದ ಸಭೆಗೆ ಹಳೆಯ ಕಲಮನ್ನೇ ಬರೆಯಿರಿ.

‘ಮೂಲಗಳ ಪ್ರಕಾರ’ ಎಂದು ಏಳು ಕಡೆ ಬರೆದಿದ್ದೀರಿ, ಒಂದು ಕಡೆಯೂ ಕಾಗದವಿಲ್ಲ. ಕಾಗದ ಮಡಿಕೇರಿಯಲ್ಲೇ ಇರಬೇಕು. ಫಲಿತಾಂಶದಿಂದ 30 ದಿನಗಳೊಳಗೆ ಪ್ರತಿ ಅಭ್ಯರ್ಥಿ ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಲೆಕ್ಕ ಒಪ್ಪಿಸಬೇಕು. 2023ರಲ್ಲಿ ಫಲಿತಾಂಶ ಮೇ 13ಕ್ಕೆ, ಹಾಗಾಗಿ ಕಡೆಯ ದಿನ ಜೂನ್ 12. ವಹಿಯಲ್ಲಿ ಮೂರು ಭಾಗ: ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪುಟಕ್ಕೆ 1 ರೂಪಾಯಿಯಂತೆ ಯಾರು ಬೇಕಾದರೂ ಪ್ರತಿ ಪಡೆಯಬಹುದು. ಸಭೆಯ ದಿನಾಂಕದ ಬಿಳಿ ಹಾಳೆ ತೆಗೆಸಿ, ಅದೇ ದಿನದ ಹಳದಿ ಹಾಳೆಯ ಪಕ್ಕ ಇಟ್ಟು ನೋಡಿ. ಇಡೀ ಚುನಾವಣೆಯಲ್ಲಿ ಒಬ್ಬರಿಗೆ ನಗದಾಗಿ ಕೊಡಬಹುದಾದ್ದು 10,000 ರೂಪಾಯಿ ಮಾತ್ರ. ಅದಕ್ಕಿಂತ ಹೆಚ್ಚಾದರೆ ಚೆಕ್ಕೋ ಬ್ಯಾಂಕ್ ವರ್ಗಾವಣೆಯೋ ಹಳದಿ ಹಾಳೆಯಲ್ಲಿ ಕಾಣಲೇಬೇಕು. ಜೊತೆಗೆ ವೆಚ್ಚ ವೀಕ್ಷಣಾ ತಂಡ ತಾನೇ ಬರೆದಿಡುವ ಛಾಯಾ ವಹಿ, ಸಭೆಯ ವಿಡಿಯೊ, ಕುರ್ಚಿ ಶಾಮಿಯಾನಕ್ಕೆ ಜಿಲ್ಲಾಡಳಿತ ನಿಗದಿ ಮಾಡಿದ ದರಪಟ್ಟಿ ಇವನ್ನೂ ಕೇಳಿ. ಪಕ್ಷದ ಲೆಕ್ಕ ಬೇರೆ ದಾರಿಯಲ್ಲಿ ಹೋಗುತ್ತದೆ: ವಿಧಾನಸಭೆಯಾದರೆ 75 ದಿನ, ಲೋಕಸಭೆಯಾದರೆ 90 ದಿನಗಳೊಳಗೆ ಚುನಾವಣಾ ಆಯೋಗಕ್ಕೆ. ಎರಡನ್ನೂ ನೋಡದೆ ‘ಮುಚ್ಚಿಟ್ಟರು’ ಎಂದು ಬರೆಯಬೇಡಿ.

ಒಬ್ಬ ಕಲಾವಿದೆಯ ಹೆಸರು ಹಾಕಿ ‘10 ಲಕ್ಷ ಪಡೆದರಂತೆ’ ಎಂದಿದ್ದೀರಿ. ಆ ‘ಅಂತೆ’ ನ್ಯಾಯಾಲಯದಲ್ಲಿ ನಿಮ್ಮನ್ನೂ ಕಾಯುವುದಿಲ್ಲ, ನಮ್ಮನ್ನೂ ಕಾಯುವುದಿಲ್ಲ. ಅವರಿಗೂ ಪಕ್ಷದ ಜಿಲ್ಲಾ ಘಟಕಕ್ಕೂ ಪ್ರಶ್ನೆಗಳನ್ನು ಬರೆದು ಕಳಿಸಿ, ಎರಡು ದಿನ ಸಮಯ ಕೊಡಿ, ಉತ್ತರ ಬರದಿದ್ದರೆ ಬರಲಿಲ್ಲ ಎಂದೇ ಬರೆಯಿರಿ. ನಿವೃತ್ತ ಸೇನಾಧಿಕಾರಿಗಳು ವೇದಿಕೆ ಏರುವ ಭಾಗ ಚೆನ್ನಾಗಿದೆ, ಅದು ಕೊಡಗಿನದೇ ಪ್ರಶ್ನೆ. ನಿವೃತ್ತರು ಮಾತಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ಸೇನಾ ಸಿಬ್ಬಂದಿಯ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬೇಡಿ ಎಂದು ಆಯೋಗ 2013ರಲ್ಲೂ 2019ರಲ್ಲೂ ಪಕ್ಷಗಳಿಗೆ ಹೇಳಿದೆ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಏನಿತ್ತು ಎಂದು ನಿಮ್ಮ ಫೋಟೊಗಳಲ್ಲಿ ನೋಡಿ ಹೇಳಿ.

ಒಂಬೈನೂರು ಪದಗಳಿಗೆ ಇಳಿಸಿ ಮತ್ತೆ ಕಳಿಸಿ. ವಹಿಯ ಪ್ರತಿಗಳನ್ನು ಪುಟಸಂಖ್ಯೆ ಸಮೇತ ಬೇರೆ ಲಕೋಟೆಯಲ್ಲಿಡಿ. ಪ್ರತಿ ಕೊಡದಿದ್ದರೆ ನೀವು ಅರ್ಜಿ ಕೊಟ್ಟ ದಿನಾಂಕ, ಕಚೇರಿ ಹಾಕಿದ ಸ್ವೀಕೃತಿ ಮುದ್ರೆ ಸಾಕು. ಕುಶಾಲನಗರದ ಆ ಭಾಷಣಕಾರ ಹೆಸರು ಹಾಕಬೇಡಿ ಎಂದರೆ ಹಾಕುವುದು ಬೇಡ, ಆದರೆ ಅವರ ಹೆಸರು, ನಂಬರು, ಮಾತಾಡಿದ ದಿನ ನಮಗೆ ಮಾತ್ರ ತಿಳಿಸಿ. ಫೋನ್ ಮಾಡಿ ನಾವೇ ಒಮ್ಮೆ ಮಾತಾಡಿದ ಮೇಲೆ ಪುಟಕ್ಕೆ ಹಾಕುತ್ತೇವೆ.

ಇಂತಿ,
ಸಂಪಾದಕ ಬಳಗ, ಮಡಿಕೇರಿ