ಡಿಕ್ಷನರಿಯನ್ನು ತಿರುವಿದಾಗ ಕಾಣೆಯಾದ ಹೆಸರುಗಳು

ಪ್ರಶ್ನೆ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಡಿಕ್ಷನರಿಯೊಂದರಲ್ಲಿ (ಕೀ ಕೊಟ್ಟರೆ ಅದಕ್ಕೆ ಜೋಡಿಸಿದ ವ್ಯಾಲ್ಯೂ ಮರಳಿಸುವ ಸಂಗ್ರಹ) ವಿದ್ಯಾರ್ಥಿಗಳ ಹೆಸರು ಕೀ, ಅಂಕ ವ್ಯಾಲ್ಯೂ. ಅಂಕ ಕೊಟ್ಟು ಹೆಸರು ಹುಡುಕಲೆಂದು ಇವೆರಡನ್ನೂ ಅದಲುಬದಲು ಮಾಡಿದರೆ ಕೆಲವು ಹೆಸರುಗಳು ಕಾಣೆಯಾಗುತ್ತವೆ, ಎರರ್ ಮಾತ್ರ ಬರುವುದಿಲ್ಲ. ಒಂದು ಅಂಕದ ಬದಲು ಅಂಕಗಳ ಲಿಸ್ಟ್ ಇಟ್ಟು ಹಾಗೆಯೇ ಮಾಡಿದರೆ ಟೈಪ್‌ಎರರ್ ಬರುತ್ತದೆ. ಏಕೆ?

ಉತ್ತರ: ಒಂದು ಡಿಕ್ಷನರಿಯಲ್ಲಿ ಒಂದು ಕೀ ಒಮ್ಮೆ ಮಾತ್ರ ಇರಬಲ್ಲದು, ವ್ಯಾಲ್ಯೂಗೆ ಅಂಥ ಕಟ್ಟುಪಾಡಿಲ್ಲ. ರವಿಗೆ 72, ಉಷಾಗೆ 85, ಗೌರಿಗೆ 72 ಅಂಕ ಬಂದಿದೆ ಎನ್ನೋಣ. ತಿರುವುವಾಗ ಮೊದಲು 72ಕ್ಕೆ ರವಿ, 85ಕ್ಕೆ ಉಷಾ ಸೇರುತ್ತಾರೆ; ಬಳಿಕ ಗೌರಿಯ ಸರದಿ ಬಂದಾಗ 72 ಆಗಲೇ ಇರುವುದರಿಂದ ರವಿಯ ಹೆಸರು ಅಳಿದು ಅಲ್ಲಿ ಗೌರಿ ಕೂರುತ್ತಾಳೆ. ಇರುವ ಕೀಗೆ ಹೊಸ ವ್ಯಾಲ್ಯೂ ಕೊಡುವುದು ಪೈಥಾನ್‌ನಲ್ಲಿ ತಪ್ಪಲ್ಲವಾದ್ದರಿಂದ ಅದು ಎಚ್ಚರಿಸುವುದೂ ಇಲ್ಲ. ಸದ್ದಿಲ್ಲದೆ ಮಾಹಿತಿ ನಷ್ಟವಾಗುವ ಈ ಬಗೆಯ ತಪ್ಪು ಎರರ್‌ಗಿಂತ ಹೆಚ್ಚು ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ. ಆದ್ದರಿಂದ ಹೊಸ ಡಿಕ್ಷನರಿಯಲ್ಲಿ ಪ್ರತಿ ಅಂಕಕ್ಕೂ ಹೆಸರುಗಳ ಲಿಸ್ಟ್ ಇಡಿ: ಐಟಮ್ಸ್ ಮೆಥಡ್‌ನಿಂದ ಜೋಡಿಗಳನ್ನು ಒಂದೊಂದಾಗಿ ಪಡೆದು, ಸೆಟ್‌ಡಿಫಾಲ್ಟ್‌ಗೆ ಅಂಕವನ್ನೂ ಖಾಲಿ ಲಿಸ್ಟನ್ನೂ ಕೊಟ್ಟು (ಆ ಅಂಕ ಆಗಲೇ ಇದ್ದರೆ ಅದರ ಲಿಸ್ಟನ್ನು, ಇಲ್ಲದಿದ್ದರೆ ಈ ಖಾಲಿ ಲಿಸ್ಟನ್ನು ಸೇರಿಸಿ ಅದನ್ನೇ ಮರಳಿಸುತ್ತದೆ), ಅದು ಮರಳಿಸಿದ ಲಿಸ್ಟಿಗೆ ಹೆಸರನ್ನು ಅಪೆಂಡ್ ಮಾಡಿದರೆ 72ರ ಮುಂದೆ ರವಿ, ಗೌರಿ ಇಬ್ಬರೂ ಉಳಿಯುತ್ತಾರೆ.

ಇನ್ನು ಟೈಪ್‌ಎರರ್ ವಿಚಾರ. ಪೈಥಾನ್ ಕೀಯಿಂದ ಹ್ಯಾಶ್ ಎಂಬ ಪೂರ್ಣಾಂಕವನ್ನು ಲೆಕ್ಕ ಹಾಕಿ, ಅದು ಸೂಚಿಸುವ ಜಾಗದಿಂದಲೇ ಹುಡುಕಾಟ ಆರಂಭಿಸುತ್ತದೆ. ಒಳಗಿಟ್ಟ ಮೇಲೆ ಕೀ ಬದಲಾದರೆ ಹ್ಯಾಶ್ ಕೂಡ ಬದಲಾಗಿ, ಇಟ್ಟದ್ದು ಇದ್ದಲ್ಲೇ ಇದ್ದರೂ ಕೈಗೆ ಸಿಗದು. ಯಾವಾಗ ಬೇಕಾದರೂ ಬದಲಾಗಬಲ್ಲ ಲಿಸ್ಟನ್ನು ಕೀ ಆಗಲು ಬಿಡದಿರುವುದು ಇದಕ್ಕಾಗಿಯೇ. ಅಂಕಗಳನ್ನು ಟ್ಯೂಪಲ್ (ಲಿಸ್ಟಿನಂಥದೇ, ಆದರೆ ಕಟ್ಟಿದ ಮೇಲೆ ಬದಲಿಸಲಾಗದ್ದು) ಮಾಡಿಕೊಂಡರೆ ತೊಂದರೆ ನೀಗುತ್ತದೆ, ಆದರೆ ಆ ಟ್ಯೂಪಲ್‌ನ ಒಳಗೂ ಲಿಸ್ಟ್ ಇರಕೂಡದು.

ಅಂಕಗಳನ್ನು ಫೈಲಿನಿಂದ ಓದುವುದಾದರೆ ಇನ್ನೊಂದು ಎಚ್ಚರ ಬೇಕು: 72 ಮತ್ತು 72.0 ಒಂದೇ ಕೀ, ಆದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯರೂಪದ 72 ಬೇರೆಯೇ ಕೀ. ಯಾರಿಗೂ ಬಾರದ ಅಂಕವನ್ನು ಚೌಕಾವರಣದಲ್ಲಿ ಕೇಳಿದರೆ ಕೀಎರರ್ ಬರುತ್ತದೆ. ಗೆಟ್ ಮೆಥಡ್‌ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ಖಾಲಿ ಲಿಸ್ಟ್ ಕೊಟ್ಟರೆ ಅದೇ ಉತ್ತರವಾಗಿ ಸಿಗುತ್ತದೆ. ಮೂಲ ಡಿಕ್ಷನರಿಯಲ್ಲಿ ರವಿಯ ಅಂಕ ಮುಂದೆ ತಿದ್ದುಪಡಿಯಾದರೆ ತಿರುವಿದ ಡಿಕ್ಷನರಿ ತಾನಾಗಿ ಬದಲಾಗುವುದಿಲ್ಲ, ಅದನ್ನು ಮತ್ತೆ ಕಟ್ಟಿಕೊಳ್ಳಬೇಕು.